ಯಂತ್ರ ಹಿಡಿಯದ ಹೆಬ್ಬೆಟ್ಟು

ಕೊಂಕಲ್
4 ಮೇ 2025

ದೊಡ್ಡವ್ವ,

'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಾವಿಲ್ಲಿ ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫೋನಿರುವಾಗ ಕಾಗದ ಯಾಕೆ ಎಂದು ಬೈಯಬೇಡ. ಈ ಮನೆಯ ಫೋನು ಅತ್ತೆಯ ಎಲೆಅಡಿಕೆ ಸಂಚಿಯಲ್ಲಿರುತ್ತದೆ. ನಾನು ಮಾತಾಡುವಾಗ ಸ್ಪೀಕರ್ ಹಾಕಿ ಎದುರಿಗೇ ಕೂರುತ್ತಾರೆ. ನಿನ್ನ ಅಳಿಯ ಲಕ್ಷ್ಮಿಕಾಂತ ಶಹಾಪುರದ ಹತ್ತಿ ಮಿಲ್ಲಿನಿಂದ ವಾರಕ್ಕೊಮ್ಮೆ ಬರುತ್ತಾರೆ, ಬಂದಾಗ ಅವರ ಫೋನೂ ಆ ಸಂಚಿಗೇ ಹೋಗುತ್ತದೆ.

ಪವಿತ್ರಾಗೆ ಈಗ ಏಳು ತಿಂಗಳು. ಎರಡು ತಿಂಗಳಿಂದ ಅವಳ ಕೆನ್ನೆ ಕೆಂಪಾಗಿ ಒಡೆದಿದೆ. ಮೊಣಕೈ ಮಡಚುವ ಕಡೆ, ಮೊಣಕಾಲ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಹಸಿಯಾಗಿ ನೀರು ಒಸರುತ್ತದೆ. ಕಾಲಿನ ಮೇಲೆ ಸಣ್ಣ ಸಣ್ಣ ಬಿಳಿ ಹೊಟ್ಟು. ನಿದ್ದೆಯಲ್ಲೂ ಕೆರೆದುಕೊಳ್ಳುತ್ತಾಳೆ. ಕೈಗೆ ಬಟ್ಟೆ ಕಟ್ಟಿದರೆ ಕೆನ್ನೆಯನ್ನು ನನ್ನ ಭುಜಕ್ಕೆ ತಿಕ್ಕುತ್ತಾಳೆ. ಅತ್ತೆ ಅವಳ ಕಾಲು ಹಿಡಿದು ನೋಡಿ, "ಇದು ಹಾವಿನ ಪೊರಿ ಇದ್ದಾಂಗ ಅದ. ನಿಮ್ಮ ತವರಾಗ ಯಾರರ ನಾಗಪ್ಪನ್ನ ಹೊಡದಾರೇನು?" ಎಂದರು. "ನಮ್ಮ ತವರಾಗ ಇಲಿ ಹೊಡಿಯೋ ಧೈರ್ಯ ಸುದ್ದಾ ಯಾರಿಗೂ ಇಲ್ರಿ" ಎಂದೆ. ಅವರು ನಗಲಿಲ್ಲ.

ಬೋನಾಳದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಮೂವತ್ತು ವರ್ಷದಿಂದ ನೀರು ಎರೆದವಳು ನೀನು. ಅವ್ವ ಸತ್ತ ಮೇಲೆ ನನ್ನನ್ನು ಎರೆದು ಬೆಳೆಸಿದವಳೂ ನೀನೇ. ನಿನಗೆ ಗೊತ್ತಿರದ ಕೂಸಿನ ಮೈ ಇಲ್ಲ. ಏನು ಮಾಡಲಿ, ಹೇಳು. ಉತ್ತರವನ್ನು ಇಲ್ಲಿನ ಅಂಗನವಾಡಿಯ ರತ್ನಾಬಾಯಿ ಟೀಚರ ಹೆಸರಿಗೆ ಹಾಕು. ಅವರು ನನ್ನ ಕೈಗೇ ಕೊಡುತ್ತಾರೆ.

ನಿನ್ನ ಗಂಗಾ

*

ಬೋನಾಳ
9 ಮೇ 2025

ಗಂಗೀ,

ಇಷ್ಟಕ್ಕೇ ಅಳುತ್ತಾ ಕಾಗದ ಬರೆದಿದ್ದೀಯಲ್ಲ. ಕೂಸಿನ ಮೈ ಹಸಿ ಇದೆ, ಗಟ್ಟಿಯಾಗಬೇಕು, ಅಷ್ಟೇ. ನೀರು ಕೈಗೆ ಚುರುಕ್ ಎನ್ನುವಷ್ಟು ಕಾಯಲಿ. ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೋ. ಕಡಲೆಹಿಟ್ಟು ಹಚ್ಚಿ ಆ ಬಿಳಿ ಹೊಟ್ಟು ಏಳುವ ತನಕ ತಿಕ್ಕು. ಮೇಲೆ ನಾಲ್ಕು ಕೊಡ ಬಿಸಿನೀರು. ಆಮೇಲೆ ಲೋಬಾನದ ಹೊಗೆ. ಅತ್ತರೆ ಅಳಲಿ, ಅತ್ತಷ್ಟು ಎದೆ ಗಟ್ಟಿಯಾಗುತ್ತದೆ. ದಿನಾ ಎರಡು ಹೊತ್ತು ಎರೆ. ನನ್ನ ಕಾಲ ಮೇಲೆ ಮುನ್ನೂರು ಕೂಸು ಮಲಗಿ ಎದ್ದಿವೆ, ಒಂದರ ಚರ್ಮವೂ ಉದುರಿ ಬಿದ್ದಿಲ್ಲ.

ನನಗೆ ಇಲ್ಲಿ ಬೇರೆಯೇ ಗೋಳು. ಮೂರು ತಿಂಗಳಿಂದ ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟು ಹಿಡಿಯುತ್ತಿಲ್ಲ. ಹತ್ತೂ ಬೆರಳು ಒತ್ತಿಸಿದ. ಆ ಅಂಗಡಿಯ ಬಾಲರಾಜ ಇಡೀ ಸಾಲಿಗೆ ಕೇಳುವ ಹಾಗೆ, "ದೊಡ್ಡವ್ವ, ನಿನ್ನ ಬೆಟ್ಟು ಸವದು ಹೋಗ್ಯಾವ, ಸ್ವಲ್ಪ ಎಣ್ಣಿ ಹಚ್ಚಿಕೊಂಡು ಬಾ" ಎಂದ. ಕೊನೆಗೆ ಪಕ್ಕದ ಮನೆಯ ಕಹಕಶಾಳ ಫೋನಿಗೆ ನಂಬರು ಬರಿಸಿ ಅಕ್ಕಿ ಕೊಟ್ಟ. ಎರೆದೂ ಎರೆದೂ ಸವೆದ ಕೈ ಇದು, ಅವನಿಗೇನು ಗೊತ್ತು.

ನಿನ್ನ ಅತ್ತೆಗೆ ಹೆದರಬೇಡ. ನಾನು ಬಳಿಚಕ್ರದ ಗಂಡನ ಮನೆಯನ್ನು ಮೂರೇ ತಿಂಗಳಿಗೆ ಬಿಟ್ಟು ಬಂದವಳು. "ನಿಮ್ಮ ಮನಿ ಉಪ್ಪು ನನ್ನ ನಾಲಿಗಿಗಿ ಹತ್ತವಲ್ದು" ಎಂದು ಮುಖಕ್ಕೆ ಹೇಳಿ, ಟ್ರಂಕು ತಲೆಯ ಮೇಲಿಟ್ಟು ಬಸ್ ಹತ್ತಿದೆ. ಊರಿಗೆಲ್ಲ ಗೊತ್ತಿರುವ ಮಾತು. ನೀನು ನಾನು ಸಾಕಿದ ಮಗಳು, ತಲೆ ಬಗ್ಗಿಸಬೇಡ.

ಮರಿಲಿಂಗಮ್ಮ

*

ಕೊಂಕಲ್
2 ಜೂನ್ 2025

ದೊಡ್ಡವ್ವ,

ನೀನು ಹೇಳಿದ ಹಾಗೆ ಹದಿನೈದು ದಿನ ಎರೆದೆ. ಕಡಿಮೆಯಾಗಲಿಲ್ಲ. ಹಾಗಾಗಿ ಯಾದಗಿರಿಗೆ ಹೋಗಿ ಚರ್ಮದ ಡಾಕ್ಟರಮ್ಮನಿಗೆ ತೋರಿಸಿದೆ. ರತ್ನಾಬಾಯಿ ಟೀಚರು ಜೊತೆಗಿದ್ದರು. ಲಸಿಕೆಗೆ ಎಂದು ಮನೆಯಲ್ಲಿ ಹೇಳಿದ್ದೆವು.

ಡಾಕ್ಟರು ಕೂಸನ್ನು ನೋಡಿದ ಮೇಲೆ ನನ್ನ ಅಂಗೈ ಕೇಳಿದರು. ಇವರೂ ಭವಿಷ್ಯ ಹೇಳುತ್ತಾರೇನೋ ಅಂದುಕೊಂಡೆ. ನನ್ನ ಕೈ ನಿನಗೆ ಗೊತ್ತಲ್ಲ, ಗೆರೆಯ ಮೇಲೆ ಗೆರೆ, ಹೆಬ್ಬೆರಳ ಬುಡದಲ್ಲಂತೂ ಲೆಕ್ಕವೇ ಇಲ್ಲ, ಪವಿತ್ರಾಳ ಕೈಯೂ ಹಾಗೇ. "ಭಾಳ ಗೆರಿ ಇದ್ರ ಭಾಳ ಕಷ್ಟ ಅಂತಾರ್ರಿ" ಎಂದೆ. ಅವರು ನಕ್ಕು, "ಕಷ್ಟದ ಗೆರಿ ಅಲ್ಲಮ್ಮ, ಪ್ರೋಟೀನ್ ಕಡಿಮಿ ಇದ್ದವರ ಗೆರಿ ಇವು" ಎಂದರು.

ಅವರು ಶಹಾಪುರದವರು, ನಮ್ಮ ಭಾಷೆಯಲ್ಲೇ ತಿಳಿಸಿದರು. "ನಿಮ್ಮ ಮನಿ ಮಾಳಿಗಿಗಿ ಪರಸಿ ಕಲ್ಲು ಹಾಸಿರ್ತಾರಲ್ಲ, ಕಲ್ಲಿನ ಸಂದಿಗಿ ಏನು ತುಂಬ್ತಾರ?" "ಗಚ್ಚು ರಿ." "ಗಚ್ಚಿಗಿ ಸುಣ್ಣ ಕಡಿಮಿ ಬಿದ್ರ?" "ಬಿರುಕು ಬಿಡ್ತದ, ಮಳಿ ನೀರು ಒಳಗ ಸೋರ್ತದ." "ಚರ್ಮಾನೂ ಹಾಂಗ. ಮೇಲಿನ ಪದರಾ ಗಟ್ಟಿ ಕೂಡಬೇಕಂದ್ರ ಫಿಲಾಗ್ರಿನ್ ಅಂತ ಒಂದು ಪ್ರೋಟೀನ್ ಬೇಕು. ಮೈಯಾಗಿನ ತೇವ ಹಿಡಿದಿಡೋದೂ ಅದರ ಕೆಲಸ. ನಿನ್ನ ಮಗಳ ಮೈಯಾಗ ಅದು ಕಡಿಮಿ ಇದ್ದಾಂಗ ಕಾಣ್ತದ. ಒಳಗಿನ ತೇವ ಹೊರಗ ಹೋಗ್ತದ, ಹೊರಗಿನ ಧೂಳು, ಸಾಬೂನು, ಹೊಗಿ ಒಳಗ ಬರ್ತಾವ. ಅದಕ್ಕ ಉರಿ, ಅದಕ್ಕ ತುರಿಕಿ. ಕೆರೆದ್ರ ಬಿರುಕು ಇನ್ನೂ ದೊಡ್ಡದಾಗ್ತದ."

ಇದು ಇಸಬು, ಅಂಟುರೋಗವಲ್ಲ, ರಕ್ತದಲ್ಲಿ ಬರುವುದು, ತಾಯಿಯ ಮೂಗು ಮಗಳಿಗೆ ಬಂದ ಹಾಗೆ ಎಂದರು. ಈ ಪ್ರೋಟೀನು ಕಡಿಮೆ ಇದ್ದವರಿಗೆಲ್ಲ ಇಸಬು ಆಗುವುದಿಲ್ಲ, ಇಸಬು ಆದವರಿಗೆಲ್ಲ ಇದೇ ಕಾರಣವೂ ಅಲ್ಲವಂತೆ. ಆದರೆ ಕಾಲಿನ ಹೊಟ್ಟು, ಕೈಯ ಗೆರೆ, ಕೂಸಿನ ಮೈ ಮೂರೂ ಕೂಡಿದಾಗ ಅನುಮಾನ ಬರುತ್ತದಂತೆ. ಉಗುರು ಬೆಚ್ಚಗಿನ ನೀರು ಐದೇ ನಿಮಿಷ, ಹಿಟ್ಟು ಬೇಡ, ಹೊಗೆ ಬೇಡ. ಒದ್ದೆ ಮೈ ಆರುವ ಮೊದಲೇ ದಪ್ಪಗೆ ಮುಲಾಮು. ಕೆಂಪಾದ ಕಡೆಗೆ ಬೇರೊಂದು ಮುಲಾಮು, ಅವರು ಹೇಳಿದಷ್ಟೇ ದಿನ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಮ್ಮ ಮನೆಯಲ್ಲಿ ಇನ್ಯಾರಿಗೆ ಇಂಥ ಕೈ ಇದೆ ಎಂದು ಡಾಕ್ಟರು ಕೇಳಿದರು. ಅವ್ವನ ಕೈ ನನಗೆ ನೆನಪಿಲ್ಲ, ನಿನ್ನ ಅಂಗೈ ಬಿಡಿಸಿ ನೋಡಿದ್ದೂ ನೆನಪಿಲ್ಲ. ನಿನ್ನ ಅಂಗೈಗೆ ದೀಪದ ಕಪ್ಪು ಹಚ್ಚಿ ಕಾಗದದ ಮೇಲೆ ಒತ್ತಿ ಕಳಿಸು. ನಿನಗೂ ಇದ್ದರೆ ಇದು ರಕ್ತದ್ದು, ನಾಗಪ್ಪನದಲ್ಲ ಎಂದು ಅತ್ತೆಯ ಮುಂದೆ ಇಡುತ್ತೇನೆ.

ಗಂಗಾ

*

ಬೋನಾಳ
8 ಜೂನ್ 2025

ಗಂಗಾ,

ನಿನ್ನ ಡಾಕ್ಟರಮ್ಮ ತನ್ನ ಕಾಲ ಮೇಲೆ ಎಷ್ಟು ಕೂಸು ಹಾಕಿಕೊಂಡು ಎರೆದಿದ್ದಾಳೆ, ಕೇಳಿದೆಯಾ? ಪರಸಿ ಕಲ್ಲು, ಗಚ್ಚು, ಸುಣ್ಣ! ಅವಳೇನು ಡಾಕ್ಟರೋ ಗೌಂಡಿಯೋ? ನನ್ನ ಅವ್ವ ಎರೆದಳು, ಅವಳ ಅವ್ವ ಎರೆದಳು, ಆಗ ಯಾವ ಪ್ರೋಟೀನೂ ಸೋರಲಿಲ್ಲ.

ಕೈ ಅಚ್ಚು ಕೊಡುವುದಕ್ಕೆ ನಾನೇನು ಕಳ್ಳತನ ಮಾಡಿದ್ದೇನೆಯೇ? ನನ್ನ ಕೈಗೆ ಏನೂ ಆಗಿಲ್ಲ.

ಕೆರೆಯಲ್ಲಿ ನೀರು ಇಳಿದಿದೆ, ಹಕ್ಕಿಗಳು ಕಡಿಮೆ. ಕಹಕಶಾ ಪಿಯುಸಿ ಪಾಸಾದಳು.

ಮರಿಲಿಂಗಮ್ಮ

*

ಕೊಂಕಲ್
18 ಜೂನ್ 2025

ದೊಡ್ಡವ್ವ,

ನೀನು ಸಿಟ್ಟಾದರೆ ಆಗು. ಹಿಂದಿನ ಕಾಗದದಲ್ಲಿ ಒಂದು ಮಾತು ಬರೆಯಲಿಲ್ಲ, ನಿನಗೆ ನೋವಾಗುತ್ತದೆಂದು. ನಿನ್ನ ಬಿಸಿನೀರು, ಹಿಟ್ಟು ಶುರುವಾದ ಹತ್ತನೇ ದಿನ ಪವಿತ್ರಾಳ ಮೊಣಕಾಲ ಹಿಂದಿನಿಂದ ರಕ್ತ ಬಂತು. ಆದರೂ ಇನ್ನೂ ಐದು ದಿನ ಎರೆದೆ, ಹೇಳಿದವಳು ನೀನು ಎಂಬ ಒಂದೇ ನಂಬಿಕೆಯಿಂದ.

ಈಗ ಮುಲಾಮು ಹಚ್ಚುತ್ತಿದ್ದೇನೆ. ರಕ್ತ ನಿಂತಿದೆ, ಒಸರುವುದೂ ನಿಂತಿದೆ. ಆದರೆ ಅತ್ತೆ ಕಂಡರೆ ಒರೆಸಿಬಿಡುತ್ತಾರೆ. "ಮೈಗಿ ಜಿಡ್ಡು ಬಳದು ನಾಗಪ್ಪನ ಸಿಟ್ಟು ಮುಚ್ಚಾಕತ್ತೀಯೇನು?" ಎನ್ನುತ್ತಾರೆ. ಬರೆ ಹಾಕುವ ಅಜ್ಜನೊಬ್ಬನಿದ್ದಾನಂತೆ. ಕಬ್ಬಿಣದ ಕಡ್ಡಿ ಕಾಯಿಸಿ ಕೂಸಿನ ಹೊಟ್ಟೆಯ ಮೇಲೆ ಎಳೆದರೆ ಸರ್ಪದ ದೋಷ ಇಳಿಯುತ್ತದಂತೆ. ಅತ್ತೆ ಆಗಲೇ ಹೇಳಿ ಕಳಿಸಿದ್ದಾರೆ.

ಕೈ ಅಚ್ಚು ಕಳಿಸು. ಡಾಕ್ಟರಿಗಾಗಿ ಅಲ್ಲ, ಆ ಕಡ್ಡಿಗೆ ಅಡ್ಡ ಹಿಡಿಯುವುದಕ್ಕೆ.

ಗಂಗಾ

*

ಬೋನಾಳ
24 ಜೂನ್ 2025

ನನ್ನ ಬಂಗಾರದಂಥ ಮಗಳೇ ಗಂಗಾ,

ನೀನು ಕೇಳಿದ ಅಚ್ಚನ್ನು ಇದರ ಜೊತೆ ಇಟ್ಟಿದ್ದೇನೆ. ನೋಡು, ಮೂರೇ ಗೆರೆ, ಎಷ್ಟು ಸ್ವಚ್ಛ. ನಿನ್ನ ಅವ್ವನದೂ ಹೀಗೇ ಇತ್ತು. ನಮ್ಮ ಮನೆಯಲ್ಲಿ ಯಾರಿಗೂ ಆ ಗೆರೆಗಳಿಲ್ಲ. ಡಾಕ್ಟರು ಏನೋ ತಪ್ಪು ತಿಳಿದಿರಬೇಕು. ನೀನು ಚೆನ್ನಾಗಿ ಊಟ ಮಾಡು, ಕೂಸಿಗೆ ಹಾಲು ಕುಡಿಸು. ನಾಗಪ್ಪನಿಗೆ ಒಂದು ಬಟ್ಟಲು ಹಾಲೆರೆದರೆ ತಪ್ಪೇನಿಲ್ಲ.

ನಿನ್ನ ದೊಡ್ಡವ್ವ

*

ಕೊಂಕಲ್
10 ಜುಲೈ 2025

ದೊಡ್ಡವ್ವ,

ನಿನ್ನ ಅಚ್ಚು ಬಂದ ದಿನ ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಇವರೂ ಶಹಾಪುರದಿಂದ ಬಂದಿದ್ದರು. ಅತ್ತೆ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಮಾವನವರ ಮುಂದೆ ಹಿಡಿದರು. "ನೋಡ್ರಿ, ಇಕಿನ ತವರಾಗ ಯಾರ ಕೈಯಾಗೂ ಇಲ್ಲ. ಇಕಿ ಒಬ್ಬಾಕಿಗೇ ಅದ, ಇಕಿ ಮಗಳ ಕಾಲಿಗಿ ಪೊರಿ ಅದ. ರಕ್ತದ್ದು ಅಂದ್ಯಲ್ಲ, ಎಲ್ಲಿ ಅದ ರಕ್ತದಾಗ? ಇದು ಶಾಪ."

ಮಾವ ಅಮಾತೆಪ್ಪ ಸಾಧು ಮನುಷ್ಯ, ಆದರೆ ಹೆಂಡತಿ ದನಿ ಎತ್ತಿದರೆ ದನದ ಕೊಟ್ಟಿಗೆಗೆ ಹೋಗುತ್ತಾರೆ. ಅಂದೂ ಹೋದರು. ಇವರು ಮಾತ್ರ, "ಅವ್ವನ ಮಾತು ಒಂದ್ಸಲ ಕೇಳಿಬಿಡೋಣ, ಸಣ್ಣ ಗೆರಿ ಎಳೀತಾರ ಅಷ್ಟ" ಎಂದರು. "ಹಾಂಗಾದ್ರ ಮೊದ್ಲ ನಿಮ್ಮ ಹೊಟ್ಟಿ ಮ್ಯಾಲ ಎಳಿಸ್ಕೊಂಡು ತೋರಿಸ್ರಿ" ಎಂದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ದಿನ ಗೊತ್ತಾಗಿದೆ. ಪಂಚಮಿಯ ಹಿಂದಿನ ದಿನ, ಸೋಮವಾರ, ಜುಲೈ ಇಪ್ಪತ್ತೆಂಟು. ಬರೆ ಹಾಕುವ ಅಜ್ಜ ಮನೆಗೇ ಬರುತ್ತಾನೆ.

ನಾನು ಕೂಸನ್ನು ಕೊಡುವುದಿಲ್ಲ. ಆದರೆ ಯಾವ ಮಾತಿನ ಮೇಲೆ ನಿಂತು ಕೊಡುವುದಿಲ್ಲ ಎನ್ನಲಿ? ಇದ್ದ ಒಂದು ಮಾತು ನಿನ್ನ ಕೈಯಿಂದಲೇ ಬಿದ್ದುಹೋಯಿತು.

ಗಂಗಾ

*

ಕೊಂಕಲ್
14 ಜುಲೈ 2025

ದೊಡ್ಡವ್ವ,

ನಿನ್ನ ಉತ್ತರಕ್ಕೆ ಕಾಯದೆ ಮತ್ತೆ ಬರೆಯುತ್ತಿದ್ದೇನೆ.

ನಿನ್ನೆ ಅಂಗನವಾಡಿಯಲ್ಲಿ ಕುಳಿತು ನಿನ್ನ ಕಾಗದಗಳನ್ನೆಲ್ಲ ಮೊದಲಿನಿಂದ ಓದಿದೆ. ಮೇ ಒಂಬತ್ತರ ಕಾಗದದಲ್ಲಿ ನೀನೇ ಬರೆದಿದ್ದೀ, ರೇಷನ್ ಅಂಗಡಿಯ ಯಂತ್ರ ನಿನ್ನ ಹತ್ತೂ ಬೆರಳನ್ನು ಹಿಡಿಯಲಿಲ್ಲ ಎಂದು. ಯಂತ್ರಕ್ಕೇ ಸಿಗದ ಕೈ ಕಾಗದದ ಮೇಲೆ ಇಷ್ಟು ಚೊಕ್ಕವಾಗಿ ಹೇಗೆ ಮೂಡಿತು? ಬೆರಳ ತುದಿಯ ಸುತ್ತುಗೆರೆ ಕೂಡ ಎಣಿಸಬಹುದು. ಅಚ್ಚನ್ನು ಬೆಳಕಿಗೆ ಹಿಡಿದೆ. ಕಿರುಬೆರಳ ಪಕ್ಕ ಹಸಿ ಮದರಂಗಿ ತಾಗಿದ ಕಲೆ ಕಾಣಿಸಿತು. ನೀನು ಹುಟ್ಟಿದಾಗಿನಿಂದ ಮದರಂಗಿ ಹಚ್ಚಿದವಳಲ್ಲ.

ಇದು ಕಹಕಶಾಳ ಕೈ.

ಯಾಕೆ ದೊಡ್ಡವ್ವ? ಹುಲಿಯ ಹಾಗೆ ಗಂಡನ ಮನೆ ಬಿಟ್ಟು ಬಂದವಳು, ಒಂದು ಅಂಗೈ ತೋರಿಸಲು ಹೆದರಿದೆಯಾ? ನೀನು ಮುಚ್ಚಿಟ್ಟ ಕೈಯ ಬೆಲೆಯನ್ನು ಒಂಬತ್ತು ತಿಂಗಳ ಕೂಸು ಹೊಟ್ಟೆಯ ಮೇಲೆ ಕೊಡಬೇಕೇ? ನನ್ನನ್ನು ಸಾಕಿದ ಋಣ ದೊಡ್ಡದು, ಗೊತ್ತು. ಆದರೆ ಪವಿತ್ರಾ ನಿನಗೆ ಯಾವ ಋಣವನ್ನೂ ಉಳಿಸಿಕೊಂಡಿಲ್ಲ.

ಇನ್ನು ಹದಿನಾಲ್ಕು ದಿನ ಇದೆ.

ಗಂಗಾ

*

ಬೋನಾಳ
19 ಜುಲೈ 2025

ಗಂಗಾ,

ಹೌದು. ಕಹಕಶಾಳದು. ಮದರಂಗಿಯ ಹೊಸ ನಮೂನೆ ಬರೆಯುವುದಿದೆ ಎಂದು ಸುಳ್ಳು ಹೇಳಿ ಅವಳ ಕೈ ಒತ್ತಿಸಿಕೊಂಡೆ. ಆ ಹುಡುಗಿ ದಿನಾ ಬಂದು 'ನಮೂನಿ ಎಲ್ಲಿ ದೊಡ್ಡವ್ವ' ಎಂದು ಕೇಳುತ್ತಾಳೆ.

ನನ್ನ ಕೈ ನಿನ್ನ ಕೈಯ ಹಾಗೆಯೇ ಇದೆ. ವಯಸ್ಸಿನ ವ್ಯತ್ಯಾಸ ಬಿಟ್ಟರೆ ಬೇರೆ ಏನೂ ಇಲ್ಲ. ಮೊಣಕಾಲಿನ ಕೆಳಗೆ ಹೊಟ್ಟು ಹೊಟ್ಟು. ನಿನ್ನ ಅವ್ವನಿಗೂ ಇತ್ತು. ನಿನಗೆ ನೆನಪಿಲ್ಲದಿರುವುದು ನನಗೆ ಅನುಕೂಲವಾಯಿತು.

ಬಳಿಚಕ್ರದ ಮನೆಯನ್ನು ನಾನು ಬಿಟ್ಟು ಬರಲಿಲ್ಲ. ಅವರೇ ಬಿಟ್ಟರು. ಮೂರನೇ ತಿಂಗಳು ಬಾವಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದೆ, ಸೀರೆ ಮೇಲೆ ಸಿಕ್ಕಿಸಿದ್ದೆ. ಅತ್ತೆ ನನ್ನ ಕಾಲು ನೋಡಿದಳು. ಕೂಗಿ ಹತ್ತು ಹೆಂಗಸರನ್ನು ಕರೆದಳು. "ನಾಗರಹಾವು ತಂದು ಮನ್ಯಾಗ ಬಿಟ್ಟಾರ" ಎಂದಳು. ಮರುದಿನ ಗಂಡ ನನ್ನನ್ನು ಯಾದಗಿರಿ ಬಸ್ ಸ್ಟ್ಯಾಂಡಿಗೆ ಕರೆತಂದು, ಟ್ರಂಕು ಕೆಳಗಿಟ್ಟು, "ಸುರಪುರ ಬಸ್ಸು ಅಲ್ಲಿ ನಿಂದರ್ತದ" ಎಂದು ಬೆರಳು ತೋರಿಸಿ ಹೋದ. ಆಗ ನನಗೆ ಹತ್ತೊಂಬತ್ತು. ಉಪ್ಪಿನ ಮಾತನ್ನು ಬಸ್ಸಿನಲ್ಲಿ ಕುಳಿತು ಕಟ್ಟಿದೆ. ಸುರಪುರ ಬರುವಷ್ಟರಲ್ಲಿ ಅದು ನನಗೇ ನಿಜ ಅನ್ನಿಸಿತ್ತು. ನಲವತ್ತು ವರ್ಷ ಆ ಮಾತಿನ ಮೇಲೆ ಬದುಕಿದೆ ಗಂಗೀ. ಊರು ನನಗೆ ಹೆದರುತ್ತದೆ ಎಂದರೆ ಆ ಮಾತಿಗೆ ಹೆದರುತ್ತದೆ. ನೀನು ಕೈ ಕೇಳಿದಾಗ ಅದನ್ನೇ ಕೇಳಿದಂತಾಯಿತು.

ಇದಕ್ಕಿಂತ ಕೆಟ್ಟದ್ದು ಒಂದಿದೆ, ಅದನ್ನೂ ಬರೆದೇ ಬಿಡುತ್ತೇನೆ. ನನ್ನ ಮೈಗೆ ನಾನು ಎಂದೂ ಕುದಿನೀರು ಹಾಕಿಕೊಂಡಿಲ್ಲ, ಹಿಟ್ಟು ಹಚ್ಚಿಲ್ಲ. ಹಚ್ಚಿದರೆ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ. ಉಗುರು ಬೆಚ್ಚಗಿನ ನೀರು, ಒದ್ದೆ ಮೈಗೇ ಎಣ್ಣೆ. ಇದನ್ನು ನಾನೇ ಕಂಡುಕೊಂಡೆ, ಯಾವ ಡಾಕ್ಟರೂ ಹೇಳಲಿಲ್ಲ. ಆದರೆ ಮಂದಿಯ ಕೂಸುಗಳಿಗೆ ಪದ್ಧತಿಯಂತೆಯೇ ಎರೆದೆ. ಬೇರೆ ರೀತಿ ಎರೆದರೆ 'ನಿನಗೆ ಹೇಗೆ ಗೊತ್ತು' ಎಂದು ಕೇಳುತ್ತಿದ್ದರು. ನೀನು ಪವಿತ್ರಾಳ ಕಾಲಿನ ಹೊಟ್ಟಿನ ಬಗ್ಗೆ ಬರೆದ ದಿನವೇ ನನಗೆ ತಿಳಿದಿತ್ತು. ತಿಳಿದೂ ಬಿಸಿನೀರು ಎಂದು ಬರೆದೆ. ಆ ರಕ್ತ ನನ್ನ ಕೈ ಮೇಲಿದೆ. ನೀನು ಕ್ಷಮಿಸು ಎಂದು ನಾನು ಕೇಳುವುದಿಲ್ಲ.

ಕೂಸನ್ನು ಕೊಡಬೇಡ. ಉಳಿದದ್ದನ್ನು ನಾನು ಮಾಡುತ್ತೇನೆ. ಈ ಸಲ ಪಾಕೀಟಿನಲ್ಲಿ ಅಲ್ಲ.

ಮರಿಲಿಂಗಮ್ಮ

*

ತೆರೆದ ಕಾರ್ಡು. ಒಂದು ಬದಿಗೆ ಕಪ್ಪು ಅಂಗೈ, ಅದರ ಸುತ್ತ ಬರಹ.

ಬೋನಾಳ
21 ಜುಲೈ 2025

ಬೀಗತಿ ಶಾಂತಾದೇವಿಯವರಿಗೆ, ಕೊಂಕಲ್.

ಬಾಯಿಲೆ ಹೇಳಿದಾಂಗ ಬರೀತೀನಿ. ಇದು ನನ್ನ ಕೈ. ಹಿಂದ ಕಳಿಸಿದ್ದು ನಂದಲ್ಲ, ಅದು ಸುಳ್ಳು. ಈ ಗೆರಿ ನನಗ ಅದಾವ, ನನ್ನ ತಂಗಿಗಿ ಇದ್ದವು, ಗಂಗಾಗ ಅದಾವ, ಪವಿತ್ರಾಗ ಅದಾವ. ಈ ಚರ್ಮಕ್ಕ ನನ್ನ ಗಂಡನ ಮನಿಯವರು ನನ್ನ ಬಸ್ ಸ್ಟ್ಯಾಂಡಿನಾಗ ಬಿಟ್ಟು ಹೋದ್ರು. ನಾನಾಗೇ ಬಿಟ್ಟು ಬಂದೆ ಅಂತ ಹೇಳಿದ್ದೂ ಸುಳ್ಳು. ಪೋಸ್ಟಿನವರು ಓದ್ರಿ, ಊರವರು ಓದ್ರಿ, ಮುಚ್ಚಿಡೋದು ಇನ್ನ ಏನೂ ಉಳಿದಿಲ್ಲ.

ಮಾಳಿಗಿ ಸೋರಿದ್ರ ಗಚ್ಚು ತುಂಬತೀರೋ, ಮಾಳಿಗಿಗಿ ಬರಿ ಎಳೀತೀರೋ?

ಬೋನಾಳ ಮರಿಲಿಂಗಮ್ಮ

*

ಕೊಂಕಲ್
30 ಜುಲೈ 2025

ದೊಡ್ಡವ್ವ,

ನಿನ್ನ ಕಾರ್ಡು ಶನಿವಾರ ಬಂತು. ಮನೆಗೆ ಬರುವ ಮೊದಲು ಊರಿಗೆ ಬಂತು. ಪೋಸ್ಟಿನ ಬಸವಣ್ಣ ಚಹಾದಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿದನಂತೆ, ಓದಿ ಅಂತ ಬರೆದಿದೆಯಲ್ಲ ಎಂದನಂತೆ. ಅತ್ತೆ ಅದನ್ನು ಇಸಿದುಕೊಂಡು ಸಂಚಿಯಲ್ಲಿ ಹಾಕಿ ದಾರ ಎಳೆದರು. ಎರಡು ದಿನ ಆ ಸಂಚಿ ಅವರ ಸೊಂಟದಿಂದ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಬರೆ ಹಾಕುವ ಅಜ್ಜ ಬಂದ. ಅಂಗಳದಲ್ಲಿ ಕುಳ್ಳು ಹೊತ್ತಿಸಿ ಕಡ್ಡಿ ಇಟ್ಟ. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಇವರೂ ರಜೆ ಹಾಕಿ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ನಾನು ಪವಿತ್ರಾಳನ್ನು ಸೆರಗಿನೊಳಗೆ ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತೆ. ಅಜ್ಜ, "ಕೂಸು ಕೊಡವ್ವ" ಎಂದ. ನಾನು ನನ್ನ ಬಲಗೈ ಚಾಚಿದೆ.

"ಮೊದ್ಲ ಇದಕ್ಕ ಹಾಕ್ರಿ. ನಾಗಪ್ಪನ ಸಿಟ್ಟು ಈ ಗೆರಿ ಮ್ಯಾಲ ಇದ್ರ, ಕೂಸಿಗಿಂತ ಮೊದ್ಲ ಇವು ನನಗ ಬಂದಾವ."

"ದೊಡ್ಡೋರಿಗಿ ಹಾಕಂಗಿಲ್ಲವ್ವ."

"ಯಾಕ? ದೊಡ್ಡೋರು ಅಂದ್ರ ನಾಗಪ್ಪಗ ಅಂಜಿಕೇನು? ಇಲ್ಲಾ ದೊಡ್ಡೋರು ತಿರುಗಿ ಹೊಡೀತಾರಂತ ನಿಮಗ ಅಂಜಿಕೇನು?"

ಹೆಂಗಸರಲ್ಲಿ ಯಾರೋ ನಕ್ಕರು. ಅಜ್ಜ ಕಡ್ಡಿಯನ್ನು ಮಗುಚಿ ಹಾಕಿ ಅತ್ತೆಯ ಮುಖ ನೋಡಿದ. ಆಗ ಇವರು ಕಂಬ ಬಿಟ್ಟು ಬಂದು ನನ್ನ ಪಕ್ಕ ಹೊಸ್ತಿಲ ಮೇಲೆ ಕುಳಿತರು. ಇಬ್ಬರೂ ಕುಳಿತ ಮೇಲೆ ಬಾಗಿಲು ಪೂರ್ತಿ ಮುಚ್ಚಿತು. ಇಷ್ಟು ಮಾಡಲು ಅವರಿಗೆ ಐದು ತಿಂಗಳು ಬೇಕಾಯಿತು.

ಅತ್ತೆ ಸಂಚಿಯ ದಾರ ಬಿಚ್ಚಿದರು. ನಿನ್ನ ಕಾರ್ಡು ತೆಗೆದು ನನ್ನ ಕೈಯ ಪಕ್ಕ ಹಿಡಿದರು. ಗೆರೆಗೆ ಗೆರೆ ಹೊಂದಿಸಿ ನೋಡಿದರು. ಆಮೇಲೆ ನನ್ನ ಸೆರಗು ಸರಿಸಿ ಪವಿತ್ರಾಳ ಮುಷ್ಟಿ ಬಿಡಿಸಿದರು. ಅಷ್ಟು ಚಿಕ್ಕ ಅಂಗೈಯಲ್ಲಿ ಅಷ್ಟೊಂದು ಗೆರೆ. ಅವರು ಅದನ್ನು ಮೊದಲ ಸಲ ನೋಡಿದ್ದು ಎಂದು ನನಗೆ ಆಗ ತಿಳಿಯಿತು. ಇಷ್ಟು ದಿನ ಕಾಲನ್ನೇ ನೋಡುತ್ತಿದ್ದರು.

ಆ ಅಂಗೈ ಹಿಡಿದುಕೊಂಡೇ ಅವರು ನನ್ನ ಕಡೆ ತಿರುಗಿದರು. "ಹಾಂಗಾದ್ರ ನಾ ಏನ್ ಮಾಡ್ಲಿ? ಕೂಸು ಕೆರಕೊಂಡು ಅಳೋದು ನೋಡ್ಕೋತ ಕುಂಡ್ರು ಅಂದ್ರ ನಾ ಕುಂಡ್ರಂಗಿಲ್ಲ ನೋಡು."

ನಾನು ಮುಲಾಮಿನ ಡಬ್ಬಿಯನ್ನು ಅವರ ಕೈಯಲ್ಲಿಟ್ಟೆ. "ಕುಂಡ್ರಬ್ಯಾಡ್ರಿ. ಗಚ್ಚು ತುಂಬ್ರಿ. ದಿನಾ ಮೂರು ಸಲ."

ಅವರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಷ್ಟು ಸಣ್ಣ ಡಬ್ಬಿ ಎಷ್ಟು ದಿನ ಬರ್ತದ?" ಎಂದು ಮಗನನ್ನು ಗದರಿದರು. ಅಜ್ಜನ ಕೆಂಡದ ಮೇಲೆ ಚಹಾ ಆಯಿತು. ಅವನೂ ಕುಡಿದು ಕಡ್ಡಿ ಆರಿಸಿಕೊಂಡು ಹೋದ.

ಎಲ್ಲ ಸರಿಯಾಯಿತು ಎಂದುಕೊಳ್ಳಬೇಡ. ನಿನ್ನೆ ಪಂಚಮಿಗೆ ಅತ್ತೆ ಹುತ್ತಕ್ಕೆ ಎರಡು ಪಟ್ಟು ಹಾಲೆರೆದರು, ಯಾವುದಕ್ಕೂ ಇರಲಿ ಎಂದು. ಫೋನು ಇನ್ನೂ ಸಂಚಿಯಲ್ಲೇ ಇದೆ. ಹಳೇ ಬಿರುಕು, ಮತ್ತೆ ಬರುತ್ತದೆ ಎಂದು ಡಾಕ್ಟರೂ ಹೇಳಿದ್ದಾರೆ. ಬರಲಿ. ಬಂದಾಗ ತುಂಬುತ್ತೇನೆ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ ದೊಡ್ಡವ್ವ. ಆ ಐದು ದಿನ ನೆನಪಾದಾಗಲೆಲ್ಲ ಪವಿತ್ರಾಳ ಮೊಣಕಾಲ ಹಿಂದೆ ತಿರುಗಿಸಿ ನೋಡುತ್ತೇನೆ. ಆದರೆ ಕಾರ್ಡನ್ನು ಅತ್ತೆಯಿಂದ ಕೇಳಿ ಇಸಿದುಕೊಂಡು ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಈಗ ಊರಲ್ಲಿ ನಿನ್ನನ್ನು ಏನನ್ನುತ್ತಾರೆ?

ನಿನ್ನ ಗಂಗಾ

*

ಬೋನಾಳ
6 ಆಗಸ್ಟ್ 2025

ಗಂಗೀ,

ಏನನ್ನುತ್ತಾರೆ ಎಂದರೆ, ಅನ್ನುತ್ತಾರೆ. ಕಹಕಶಾಳಿಗೆ ಮೊದಲು ನಿಜ ಹೇಳಿದೆ, ಅವಳ ಬಾಯಿಂದ ಸಂಜೆಯೊಳಗೆ ಇಡೀ ಬೋನಾಳಕ್ಕೆ ಮುಟ್ಟಿತು. ಎರೆಯಲು ಕರೆಯುತ್ತಿದ್ದ ಎರಡು ಮನೆಯವರು ಬರಬೇಡ ಎಂದರು. ಒಬ್ಬಳು ಬಾಣಂತಿಯ ತಾಯಿ ದೇವಕಮ್ಮ ಮಾತ್ರ ಬಂದು, "ನಿನ್ನ ಮೈಗಿ ಹೆಂಗ ಎರಕೊಂತಿ, ನನ್ನ ಮೊಮ್ಮಗಳಿಗೂ ಹಾಂಗೇ ಎರಿ" ಎಂದು ಕರೆದೊಯ್ದಳು. ನಲವತ್ತು ವರ್ಷದಲ್ಲಿ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಉಗುರು ಬೆಚ್ಚಗಿನ ನೀರು ಹಾಕಿದೆ. ಕೂಸು ಅಳಲಿಲ್ಲ ಗಂಗೀ. ನನ್ನ ಕಾಲ ಮೇಲೆ ಮಲಗಿದ ಕೂಸು ಅಳದೇ ಇದ್ದದ್ದು ಅದೇ ಮೊದಲು. ಅತ್ತದ್ದು ನಾನು.

ನಿನ್ನ ಸಿಟ್ಟು ಇಳಿಯದಿದ್ದರೆ ಇರಲಿ, ಇಟ್ಟುಕೋ. ಅದು ನನಗೆ ಸಲ್ಲಬೇಕಾದದ್ದು.

ನಿನ್ನೆ ರೇಷನ್ ಅಂಗಡಿಗೆ ಹೋಗಿದ್ದೆ. ಸಾಲು ಉದ್ದ ಇತ್ತು. ಎಂದಿನ ಹಾಗೆ ಯಂತ್ರ ಕೆಂಪು ದೀಪ ತೋರಿಸಿತು. ಬಾಲರಾಜ ಎಂದಿನ ಹಾಗೆ, "ಎಣ್ಣಿ ಹಚ್ಚಿಕೊಂಡು ಬಾ ಅಂದಿದ್ದೆ ದೊಡ್ಡವ್ವ, ಈ ಕೈ ನಡಿಯಂಗಿಲ್ಲ" ಎಂದ. ಮೊದಲಾಗಿದ್ದರೆ ಕೈ ಸೆರಗಿನೊಳಗೆ ಎಳೆದುಕೊಂಡು ಕಹಕಶಾಳನ್ನು ಕೂಗುತ್ತಿದ್ದೆ. ನಿನ್ನೆ ಎರಡೂ ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದೆ, ಹಿಂದಿನ ಸಾಲಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

"ಚೆಂದಾಗಿ ನೋಡು. ಈ ಕೈ ನನ್ನ ಅವ್ವ ಕೊಟ್ಟಿದ್ದು, ಸಾಯೋ ತನಕ ಹಿಂಗೇ ಇರ್ತದ. ಬದಲಿ ಮಾಡೋದಿದ್ರ ನಿನ್ನ ಮಷಿನ್ ಮಾಡು."

ಮರಿಲಿಂಗಮ್ಮ